ಗಣಿಯಿಂದ ಮನೆಗೆ: ಮೈಸೂರು ಸಂಸ್ಥಾನದಲ್ಲಿ ವಿದ್ಯುಚ್ಛಕ್ತಿ ಮತ್ತು ದೈನಂದಿನ ಬದುಕು

ಮೈಸೂರು ಸಂಸ್ಥಾನದ ಕೈಗಾರಿಕಾ ಚರಿತ್ರೆಯಲ್ಲಿ 1902ರ ಜೂನ್ 30 ಮಹತ್ತ್ವದ ದಿನ. ಕಾವೇರಿ ನದಿಯ ಶಿವನಸಮುದ್ರ ಜಲಪಾತದ ಬಳಿ ಉತ್ಪಾದಿಸಿದ ವಿದ್ಯುಚ್ಛಕ್ತಿಯು ಅಂದು ಸುಮಾರು 92 ಮೈಲಿ, ಎಂದರೆ 148 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ದೀರ್ಘ ವಿದ್ಯುತ್ ಮಾರ್ಗಗಳಲ್ಲಿ ಒಂದಾಗಿತ್ತು. ಈ ಸಾಧನೆಯನ್ನು ಸಂಸ್ಥಾನದ ಪ್ರಗತಿಶೀಲ ಆಡಳಿತದ ಹೆಗ್ಗುರುತೆಂದು ಬಣ್ಣಿಸುವುದು ವಾಡಿಕೆ. ಅದು ನಿಜವೇ. ಆದರೆ ವಿದ್ಯುತ್ತು ಮೊದಲು ಯಾರನ್ನು ತಲುಪಿತು, ಅನಂತರ ಯಾವ ಕ್ರಮದಲ್ಲಿ ಮುಂದುವರಿಯಿತು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದರೆ, ಯಂತ್ರೋದ್ಯಮವು ಸಮಾಜವನ್ನು ಬದಲಿಸಿದ ಬಗೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಗಣಿಯ ಬೇಡಿಕೆ

ಕೋಲಾರ ಸೀಮೆಯಲ್ಲಿ ಆಧುನಿಕ ಗಣಿಗಾರಿಕೆಯು 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ನಿರ್ವಹಣೆಯಲ್ಲಿ ನೆಲೆಗೊಂಡಿತು. ಅದಿರನ್ನು ಕುಟ್ಟಿ ಪುಡಿಮಾಡುವ ಯಂತ್ರಗಳು ಹಬೆಯಿಂದ ನಡೆಯುತ್ತಿದ್ದವು. ಅವುಗಳಿಗೆ ಸುತ್ತಲಿನ ಕಾಡಿನ ಸೌದೆ ಬೇಕಿತ್ತು, ಇಲ್ಲವೇ ದೂರದಿಂದ ರೈಲಿನಲ್ಲಿ ತರಿಸಬೇಕಾದ ಕಲ್ಲಿದ್ದಲು ಬೇಕಿತ್ತು. ಇಂಧನದ ವೆಚ್ಚ ಗಣಿ ಕಂಪನಿಗಳಿಗೆ ಭಾರವಾಗಿತ್ತು. ಚಿನ್ನದ ಮೇಲಿನ ರಾಜಧನವು ಸಂಸ್ಥಾನದ ಬೊಕ್ಕಸಕ್ಕೆ ಮುಖ್ಯ ಆದಾಯವಾಗಿದ್ದುದರಿಂದ ಗಣಿಗಳ ಏಳಿಗೆ ಸರ್ಕಾರಕ್ಕೂ ಅಗತ್ಯವಾಗಿತ್ತು. ಈ ಹಿನ್ನೆಲೆಯಲ್ಲಿ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಶಿವನಸಮುದ್ರ ಯೋಜನೆಗೆ ಬೆಂಬಲವಾಗಿ ನಿಂತರು. ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಯೋಜನೆಯನ್ನು ರೂಪಿಸಿದರು. ಯಂತ್ರಗಳು ಅಮೆರಿಕ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದವು. 1901ರಲ್ಲಿ ನಿಧನರಾದ ಶೇಷಾದ್ರಿ ಅಯ್ಯರ್ ಯೋಜನೆ ಕಾರ್ಯಗತವಾದುದನ್ನು ಕಾಣಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ವಿದ್ಯುತ್ತನ್ನು ಕೊಳ್ಳುವವರು ಯಾರೆಂಬುದು ಉತ್ಪಾದನೆಗೆ ಮೊದಲೇ ನಿಶ್ಚಿತವಾಗಿತ್ತು. ದೀಪ ಬೆಳಗುವುದು ಯೋಜನೆಯ ಮೂಲ ಗುರಿಯಾಗಿರಲಿಲ್ಲ. ತಂತಿ ಹಾದುಹೋದ ದಾರಿಯ ಹಳ್ಳಿಗಳಿಗೆ ಅದು ಕಣ್ಣೆದುರೇ ಸಾಗುವ, ಆದರೆ ಕೈಗೆಟುಕದ ವಸ್ತುವಾಗಿತ್ತು. ಬೇಸಗೆಯಲ್ಲಿ ನದಿಯ ಹರಿವು ಕುಗ್ಗಿದಾಗ ಉತ್ಪಾದನೆಗೆ ಅಡ್ಡಿಯಾಗುತ್ತಿತ್ತು. 1911ರಲ್ಲಿ ಕನ್ನಂಬಾಡಿ ಅಣೆಕಟ್ಟಿನ ಕೆಲಸ ಆರಂಭವಾದುದಕ್ಕೆ ನೀರಾವರಿಯ ಜೊತೆಗೆ ಈ ಕೊರತೆಯನ್ನು ನೀಗಿಸುವ ಉದ್ದೇಶವೂ ಕಾರಣ. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿಯೂ ನೆರೆಯ ಹಳ್ಳಿಗಳೂ ಮುಳುಗಿದವು. ಗಣಿಯ ಬೇಡಿಕೆಯ ಪರಿಣಾಮ ಹೀಗೆ ಗಣಿಯನ್ನು ಎಂದೂ ಕಾಣದ ರೈತ ಕುಟುಂಬಗಳ ಮನೆಬಾಗಿಲವರೆಗೆ ಬಂದಿತು.

ಪಾಳಿಯ ಬದುಕು

ಗಣಿಯಲ್ಲಿ ದುಡಿದವರಲ್ಲಿ ಬಹುಪಾಲು ಜನ ಮದರಾಸು ಪ್ರಾಂತದ ಉತ್ತರ ಆರ್ಕಾಟು, ಸೇಲಂ ಮೊದಲಾದ ಕಡೆಗಳಿಂದ ಬಂದ ತಮಿಳು ಮತ್ತು ತೆಲುಗು ಭಾಷಿಕರು. ಅವರಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದ ಸಮುದಾಯಗಳ ಸಂಖ್ಯೆ ದೊಡ್ಡದು. ಊರಿನಲ್ಲಿ ಅವರ ದುಡಿಮೆಯನ್ನು ಮಳೆ, ಸುಗ್ಗಿ ಮತ್ತು ಒಡೆಯನ ಮಾತು ನಿರ್ಧರಿಸುತ್ತಿದ್ದವು. ಗಣಿಯಲ್ಲಿ ಆ ಸ್ಥಾನವನ್ನು ಪಾಳಿ ವಹಿಸಿಕೊಂಡಿತು. ನೆಲದಾಳದಲ್ಲಿ ಹಗಲು ರಾತ್ರಿಗಳ ಭೇದವಿಲ್ಲದ ಕಾರಣ ಊಟ, ನಿದ್ರೆ, ಮನೆಗೆಲಸಗಳೆಲ್ಲವೂ ಪಾಳಿಯ ವೇಳೆಗೆ ಹೊಂದಿಕೊಂಡವು. ಹೆಸರು ಹಾಜರಿ ಪುಸ್ತಕಕ್ಕೆ ಸೇರಿತು. ಶ್ರಮ ಗಂಟೆಯ ಲೆಕ್ಕಕ್ಕೆ ಸಿಕ್ಕಿತು. ಇದರೊಡನೆ ಬಂಡೆ ಸಿಡಿತದ ಅಪಾಯವೂ ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯೂ ಬಂದವು.

ಆದರೂ ಇದನ್ನು ಕೇವಲ ಶೋಷಣೆಯ ಕಥೆಯೆಂದು ಮುಗಿಸುವಂತಿಲ್ಲ. ನಗದು ಕೂಲಿ ಮತ್ತು ಊರಿನ ಹಂಗಿನಿಂದ ದೂರವಾದ ನೆಲೆ ಈ ಸಮುದಾಯಗಳಿಗೆ ಹೊಸ ಅವಕಾಶಗಳನ್ನು ತೆರೆದವು. ಪಂಡಿತ ಅಯೋತಿ ದಾಸರ ಬೌದ್ಧ ಚಳವಳಿಯು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಗಣಿ ಪ್ರದೇಶದ ಮಾರಿಕುಪ್ಪಂನಲ್ಲಿ ಬೇರೂರಿತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮ ಜಾರಿಗೆ ಬಂದಾಗ ಅವರು ಸಾಮೂಹಿಕವಾಗಿ ಮುಷ್ಕರ ಹೂಡಿದರು. ಕೂಲಿಯ ಪ್ರಶ್ನೆಯಷ್ಟೇ ಅಲ್ಲದೆ ಮಾನದ ಪ್ರಶ್ನೆಯೂ ಅಲ್ಲಿ ಅಡಗಿತ್ತು. ಅಪರಾಧಿಗಳಂತೆ ಗುರುತು ಹಾಕಿಸಿಕೊಳ್ಳಲು ಅವರು ಒಪ್ಪಲಿಲ್ಲ. ಕಾರ್ಮಿಕರನ್ನು ಎಣಿಕೆಗೆ ಒಳಪಡಿಸಿದ ವ್ಯವಸ್ಥೆಯೇ ಅವರು ತಮ್ಮನ್ನು ಒಂದು ಸಮೂಹವೆಂದು ಅರಿಯಲು ಕಾರಣವಾಯಿತು.

ಬೀದಿ ಮತ್ತು ಗಿರಣಿ

ಗಣಿಯ ನಂತರ ವಿದ್ಯುತ್ತು ತಲುಪಿದ್ದು ನಗರಗಳನ್ನು. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಬೆಳಗಿದವು. 1908ರಲ್ಲಿ ಮೈಸೂರು ನಗರದ ಸರದಿ ಬಂದಿತು. ಸೀಮೆಎಣ್ಣೆಯ ದೀಪದ ಬೀದಿಗಳಲ್ಲಿ ಸಂಜೆ ದೀರ್ಘವಾಯಿತು. 1880ರ ದಶಕದಿಂದ ಬೆಂಗಳೂರಿನಲ್ಲಿ ಬಟ್ಟೆ ಗಿರಣಿಗಳಿದ್ದವು. ಈಗ ಸಣ್ಣ ಬಂಡವಾಳದವರೂ ಮೋಟಾರು ಇಟ್ಟು ಉದ್ಯಮ ನಡೆಸುವುದು ಸಾಧ್ಯವಾಯಿತು.

ಗೃಹಕೃತ್ಯದ ದೃಷ್ಟಿಯಿಂದ ಬಲು ದೊಡ್ಡ ಪರಿವರ್ತನೆಯನ್ನು ತಂದುದು ಬಟ್ಟೆ ಗಿರಣಿಯಲ್ಲ, ಹಿಟ್ಟಿನ ಗಿರಣಿ. ಮೊದಮೊದಲು ಎಣ್ಣೆಯ ಎಂಜಿನ್ನಿನಿಂದಲೂ ಮುಂದೆ ವಿದ್ಯುತ್ ಮೋಟಾರಿನಿಂದಲೂ ನಡೆದ ಈ ಗಿರಣಿಗಳು ಹಳೆ ಮೈಸೂರಿನ ರಾಗಿ ಸೀಮೆಯಲ್ಲಿ ಹೆಂಗಸರ ದಿನಚರಿಯನ್ನೇ ಬದಲಿಸಿದವು. ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿಕಲ್ಲಿನ ಮುಂದೆ ಕೂರುವುದು ಅಲ್ಲಿಯವರೆಗೆ ಮನೆಯ ಹೆಣ್ಣುಮಕ್ಕಳಿಗೆ ತಪ್ಪದ ಕೆಲಸವಾಗಿತ್ತು. ಗಿರಣಿ ಆ ದುಡಿಮೆಯಿಂದ ಅವರನ್ನು ಬಿಡಿಸಿತು. ಆದರೆ ಬೀಸುವುದಕ್ಕೆ ಮೊದಲ ಬಾರಿಗೆ ಕಾಸು ಕೊಡಬೇಕಾಯಿತು. ಪರರ ಮನೆಯ ಭತ್ತ ಕುಟ್ಟಿ, ಕಾಳು ಬೀಸಿ ಹೊಟ್ಟೆ ಹೊರೆಯುತ್ತಿದ್ದ ಬಡ ಹೆಂಗಸರ ಕೂಲಿ ತಪ್ಪಿತು. ಒಂದೇ ಯಂತ್ರ ಒಬ್ಬಳಿಗೆ ಬಿಡುವನ್ನೂ ಮತ್ತೊಬ್ಬಳಿಗೆ ನಿರುದ್ಯೋಗವನ್ನೂ ತಂದಿತು. ಗಾಂಧೀಜಿಯವರು 1934ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಮೂಲಕ ಕೈಕುಟ್ಟಿದ ಅಕ್ಕಿಯ ಪರವಾಗಿ ವಾದಿಸಿದಾಗ ಪೌಷ್ಟಿಕಾಂಶದ ಜೊತೆಗೆ ಈ ಕೂಲಿಯ ವಿಚಾರವೂ ಅವರ ಗಮನದಲ್ಲಿತ್ತು.

ಗಿರಣಿಗೆ ಮತ್ತೊಂದು ಸಾಮಾಜಿಕ ಆಯಾಮವಿದೆ. ಎಲ್ಲ ಜಾತಿಯವರ ಕಾಳೂ ಒಂದೇ ಕಲ್ಲಿನ ನಡುವೆ ಹಾದುಬರುವಾಗ ಹಿಂದಿನವರ ಹಿಟ್ಟಿನ ಶೇಷ ಮುಂದಿನವರ ಹಿಟ್ಟಿನಲ್ಲಿ ಬೆರೆಯುವುದು ಸಹಜ. ಮಡಿ ಮೈಲಿಗೆಗಳ ಎಣಿಕೆಯುಳ್ಳ ಸಮಾಜದಲ್ಲಿ ಇದು ಅಲ್ಪ ಸಂಗತಿಯಲ್ಲ. ಇನ್ನು ಬೀಸುವ ಕಲ್ಲಿನೊಡನೆ ಹುಟ್ಟಿ ಬೆಳೆದ ಹಾಡಿನ ಪರಂಪರೆಗೆ ಕಲ್ಲು ಮೂಲೆ ಸೇರಿದಂತೆ ಆಸರೆ ತಪ್ಪಿತು. ಉತ್ತರ ಕರ್ನಾಟಕದ ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಕಂಠದಲ್ಲಿದ್ದ ಹಾಡನ್ನು ಅಚ್ಚಿನ ಯಂತ್ರ ಉಳಿಸಿಕೊಂಡಿತು. ಆದರೆ ಹಾಡಿಗೆ ಲಯ ಕೊಟ್ಟ ದುಡಿಮೆ ಕ್ರಮೇಣ ಮರೆಯಾಯಿತು.

ಸಮಾರೋಪ

1940ರಲ್ಲಿ ಶಿಂಷಾ, 1948ರಲ್ಲಿ ಜೋಗ್ ವಿದ್ಯುದಾಗಾರಗಳು ಕಾರ್ಯಾರಂಭ ಮಾಡಿದ ಬಳಿಕ ಹಳ್ಳಿಗಳತ್ತ ವಿದ್ಯುತ್ತಿನ ಪ್ರಸಾರ ಚುರುಕಾಯಿತು. ಗಣಿ, ಬೀದಿ, ಗಿರಣಿ, ಕೊನೆಗೆ ಮನೆ ಎಂಬ ಈ ಕ್ರಮವು ಆಕಸ್ಮಿಕವಲ್ಲ. ಹಣ ತೆರುವ ಶಕ್ತಿ ಯಾರಿಗಿತ್ತೋ ಅವರತ್ತ ತಂತಿ ಮೊದಲು ಸಾಗಿತು. ಆದ್ದರಿಂದ ಕೈಗಾರಿಕೀಕರಣದ ಕಾಲಗಣನೆಗೆ ಯಂತ್ರವನ್ನು ಉದ್ಘಾಟಿಸಿದ ದಿನಾಂಕವೊಂದೇ ಸಾಲದು. ಅದರ ಫಲ ಯಾವ ಮನೆಯನ್ನು ಯಾವಾಗ ಮುಟ್ಟಿತು, ಅದರ ಹೊರೆ ಯಾರ ಮೇಲೆ ಬಿದ್ದಿತು ಎಂಬುದನ್ನೂ ದಾಖಲಿಸಬೇಕಾಗುತ್ತದೆ.

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅವುಗಳಿಗಾಗಿಯೇ ನಿರ್ಮಾಣವಾದ ಶಿವನಸಮುದ್ರದ ವಿದ್ಯುದಾಗಾರ ಮರುವರ್ಷ ನೂರು ವರ್ಷ ಪೂರೈಸಿತು. ಮೂಲ ಉದ್ದೇಶ ಅಳಿದು, ಆನುಷಂಗಿಕವಾಗಿ ದೊರೆತ ಬೆಳಕು ನಾಡಿನ ಮನೆಗಳಲ್ಲಿ ಉಳಿಯಿತು. ಆ ಬೆಳಕಿನ ಚರಿತ್ರೆಯಲ್ಲಿ ದಿವಾನರ ಮತ್ತು ಇಂಜಿನಿಯರರ ಹೆಸರುಗಳ ಜೊತೆಗೆ, ನೆಲದಾಳದಲ್ಲಿ ಪಾಳಿ ಮುಗಿಸಿ ಬಂದವರಿಗೂ ರಾಗಿಕಲ್ಲಿನ ಮುಂದಿನಿಂದ ಎದ್ದುಹೋದವರಿಗೂ ಸ್ಥಾನ ಸಲ್ಲಬೇಕಾಗಿದೆ.