ಹ್ಯಾಮೈಸಿನ್ ಮತ್ತು ಮ್ಯಾಕ್ರೊಲೈಡ್ ಔಷಧಗಳು: ಒಂದು ಚಾರಿತ್ರಿಕ ವಿವೇಚನೆ

ಬೆಳ್ಳೂರಿನ ನೆರೆಯ ಬಿ. ಜಿ. ನಗರದಲ್ಲಿ ಇಂದು ವೈದ್ಯಕೀಯ ಹಾಗೂ ಔಷಧವಿಜ್ಞಾನ ಮಹಾವಿದ್ಯಾಲಯಗಳಿವೆ. ಅಲ್ಲಿಯ ವಿದ್ಯಾರ್ಥಿಗಾಗಲಿ ಬೇರೆಡೆಯವನಿಗಾಗಲಿ ‘ಮ್ಯಾಕ್ರೊಲೈಡ್’ ಎಂದೊಡನೆ ನೆನಪಾಗುವುದು ಎರಿತ್ರೊಮೈಸಿನ್ ಅಥವಾ ಅಜಿತ್ರೊಮೈಸಿನ್. ಈ ವರ್ಗದ ಚರಿತ್ರೆಯಲ್ಲಿ ಕನ್ನಡ ನಾಡಿನ ಸಸ್ಯಶಾಸ್ತ್ರಜ್ಞರೊಬ್ಬರಿಗೂ ಸ್ಥಾನವುಂಟೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಹೆಸರಿನಲ್ಲಿಯೇ ಮಂಡ್ಯದ ಗುರುತನ್ನು ಹೊತ್ತ ಮಂಡಯಂ ಜೀಯರ್‌ಸನ್ನಿಧಿ ತಿರುಮಲಾಚಾರ್ (1914–1999) ಅವರೇ ಆ ವಿದ್ವಾಂಸರು.

ಮೊದಲು ಹೆಸರಿನ ವಿಚಾರ. ದೊಡ್ಡ ಲ್ಯಾಕ್ಟೋನ್ ಉಂಗುರವನ್ನುಳ್ಳ ಪ್ರತಿಜೈವಿಕಗಳಿಗೆ ‘ಮ್ಯಾಕ್ರೊಲೈಡ್’ ಎಂಬ ಸಂಜ್ಞೆಯನ್ನು 1957ರಲ್ಲಿ ಸೂಚಿಸಿದವರು ರಸಾಯನಶಾಸ್ತ್ರಜ್ಞ ವುಡ್‌ವರ್ಡ್. ಅದಕ್ಕೆ ಮೊದಲೇ, ಫಿಲಿಪೀನ್ಸಿನ ಇಲೊಇಲೊ ಪ್ರಾಂತದ ಮಣ್ಣಿನಿಂದ ದೊರೆತ ಎರಿತ್ರೊಮೈಸಿನ್ 1952ರಲ್ಲಿ ಬಳಕೆಗೆ ಬಂದಿತ್ತು.

ತಿರುಮಲಾಚಾರ್ ಅವರು 1940ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದು, ಸಸ್ಯಗಳಿಗೆ ತಗಲುವ ತುಕ್ಕುರೋಗದ ಶಿಲೀಂಧ್ರಗಳನ್ನು ಅಭ್ಯಾಸಮಾಡಿದರು. 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಸಂಸ್ಥೆ ಸ್ಥಾಪನೆಯಾಯಿತು. ಮುಂದೆ ಅವರು ಅದರ ಸಂಶೋಧನ ವಿಭಾಗದ ಮುಖ್ಯಸ್ಥರಾದರು. ಶಿಲೀಂಧ್ರವನ್ನು ಬಲ್ಲವರೇ ಶಿಲೀಂಧ್ರದ ಮದ್ದನ್ನೂ ಅರಸಿದರು. ಅವರೂ ಸಹೋದ್ಯೋಗಿಗಳೂ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂಬ ಸೂಕ್ಷ್ಮಾಣುವಿನಿಂದ ಪಡೆದ ಹ್ಯಾಮೈಸಿನ್ನಿನ ವಿವರ 1961ರಲ್ಲಿ ಪ್ರಕಟವಾಯಿತು. ಸೂಕ್ಷ್ಮಾಣುವಿಗೆ ಊರಿನ ಹೆಸರು, ಮದ್ದಿಗೆ ಸಂಸ್ಥೆಯ ಮೊದಲಕ್ಷರಗಳು! ಡರ್ಮೊಸ್ಟಾಟಿನ್ ಮತ್ತು ಬೆಳೆಗಳ ರೋಗಕ್ಕೆ ಬಳಸುವ ಆರಿಯೊಫಂಗಿನ್ ಅವರ ಇತರ ಕೊಡುಗೆಗಳು.

ಹ್ಯಾಮೈಸಿನ್ನಿನಲ್ಲಿಯೂ ಆ ದೊಡ್ಡ ಉಂಗುರವಿದೆ. ಜೊತೆಗೆ ಸಾಲಾಗಿ ಏಳು ಜೋಡಿಬಂಧಗಳಿವೆ. ಆದುದರಿಂದ ಅದು ‘ಪಾಲಿಯೀನ್ ಮ್ಯಾಕ್ರೊಲೈಡ್’. ಆದರೆ ಉಂಗುರ ಸಮಾನವಾದ ಮಾತ್ರಕ್ಕೆ ಕಾರ್ಯ ಸಮಾನವಲ್ಲ. ಎರಿತ್ರೊಮೈಸಿನ್ ಬ್ಯಾಕ್ಟೀರಿಯದ ರೈಬೊಸೋಮನ್ನು ಸೇರಿ, ಹೊಸ ಪ್ರೋಟೀನು ಹೊರಬರುವ ಸುರಂಗದಲ್ಲಿ ನೆಲಸಿ, ಪ್ರೋಟೀನಿನ ಬೆಳವಣಿಗೆಯನ್ನು ತಡೆಯುತ್ತದೆ. ಮಾನವಕೋಶದ ಜೀವದ್ರವದಲ್ಲಿನ ರೈಬೊಸೋಮಿನ ರಚನೆ ಬೇರೆಯಾದುದರಿಂದ ನಮಗೆ ಅಪಾಯ ಕಡಿಮೆ. ಪಾಲಿಯೀನ್‌ಗಳಾದರೋ ಶಿಲೀಂಧ್ರದ ಕೋಶಪೊರೆಯ ಎರ್ಗೊಸ್ಟೆರಾಲಿಗೆ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತವೆ. ಕೋಶದೊಳಗಿನ ಪೊಟ್ಯಾಸಿಯಂ ಸೋರಿಹೋಗುತ್ತದೆ. ನಮ್ಮ ಕೋಶಪೊರೆಯ ಕೊಲೆಸ್ಟೆರಾಲು ಎರ್ಗೊಸ್ಟೆರಾಲಿನ ಹತ್ತಿರದ ಬಂಧು. ಮದ್ದಿನ ಗುಣವೂ ದೋಷವೂ ಒಂದೇ ಮೂಲದಿಂದ ಹುಟ್ಟಿದವು.

ಹ್ಯಾಮೈಸಿನ್ನಿನ ಚರಿತ್ರೆಯೇ ಇದಕ್ಕೆ ನಿದರ್ಶನ. ಬಾಯಿಹುಣ್ಣು ಮೊದಲಾದ ಕ್ಯಾಂಡಿಡಾ ಸೋಂಕುಗಳಿಗೆ ಮೇಲಿನಿಂದ ಲೇಪಿಸುವ ಮದ್ದಾಗಿ ಅದು ಉಪಯುಕ್ತವಾಯಿತು. ಆಳದ ಸೋಂಕುಗಳಿಗೆ ನುಂಗಿಸಿದಾಗ ಹೀರಿಕೆ ಸಾಲದೆ, ವಾಂತಿ ಭೇದಿಗಳುಂಟಾಗಿ, ಅದರ ಬಳಕೆ ವಿಸ್ತರಿಸಲಿಲ್ಲ. ಅದೇ ವರ್ಗದ ಆಂಫೊಟೆರಿಸಿನ್ ಬಿ ರಕ್ತನಾಳದ ಮೂಲಕ ಕೊಡುವ ಮದ್ದಾಗಿ ಉಳಿಯಿತಾದರೂ, ಮೂತ್ರಪಿಂಡಕ್ಕೆ ಹಾನಿಯೆಂಬ ಆಕ್ಷೇಪ ಅದನ್ನು ಬಿಡಲಿಲ್ಲ. ಮದ್ದನ್ನು ಕೊಬ್ಬಿನ ಸೂಕ್ಷ್ಮಗೋಳಗಳಲ್ಲಿ, ಎಂದರೆ ಲೈಪೊಸೋಮುಗಳಲ್ಲಿ, ಅಡಗಿಸಿದ ಮೇಲೆ ಆ ಹಾನಿ ತಗ್ಗಿತು.

2021ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರವು ‘ಕಪ್ಪು ಶಿಲೀಂಧ್ರ’ವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ರೋಗವೆಂದು ಘೋಷಿಸಿದಾಗ ಎಲ್ಲೆಡೆ ಅಭಾವವಾದುದು ಈ ಲೈಪೊಸೋಮ್ ಮದ್ದೇ. ಎರಡು ರೂಪಗಳ ಪ್ರಮಾಣ ಒಂದೇ ಅಲ್ಲವೆಂಬುದು ಇಲ್ಲಿ ಪ್ರಾಣದ ಪ್ರಶ್ನೆ. ಲೈಪೊಸೋಮ್ ರೂಪವನ್ನು ಈ ರೋಗದಲ್ಲಿ ದಿನಕ್ಕೆ ದೇಹತೂಕದ ಕಿಲೋಗ್ರಾಮಿಗೆ 5 ಮಿಲಿಗ್ರಾಮಿನಂತೆ ಕೊಡುವುದುಂಟು. ಹಳೆಯ ರೂಪ 1.5 ಮಿಲಿಗ್ರಾಮನ್ನು ಮೀರಲಾಗದು. ಹೆಸರನ್ನಷ್ಟೇ ಓದಿ ಒಂದಕ್ಕೆ ಬದಲಾಗಿ ಇನ್ನೊಂದನ್ನು ಅದೇ ಪ್ರಮಾಣದಲ್ಲಿ ಕೊಟ್ಟರೆ ರೋಗಿಯ ಜೀವಕ್ಕೇ ಅಪಾಯ.

ಸುಲಭವಾಗಿ ದೊರೆಯುವ ಅಜಿತ್ರೊಮೈಸಿನ್ನಿಗೂ ಎಚ್ಚರ ಬೇಕು. ವೈರಸ್ಸಿನಿಂದ ಬಂದ ನೆಗಡಿಗೆ ಅದು ಮದ್ದಲ್ಲ. ಹೃದಯದ ಬಡಿತದಲ್ಲಿ ಕೆಲವು ಬಗೆಯ ದೋಷವುಳ್ಳವರಲ್ಲಿ ಅದು ಬಡಿತದ ಲಯವನ್ನು ಕೆಡಿಸಬಲ್ಲುದು. ಎರಿತ್ರೊಮೈಸಿನ್ ಮತ್ತು ಕ್ಲಾರಿತ್ರೊಮೈಸಿನ್‌ಗಳು ಯಕೃತ್ತಿನ ಕಿಣ್ವಗಳನ್ನು ತಡೆದು, ಇತರ ಮದ್ದುಗಳನ್ನು ರಕ್ತದಲ್ಲಿ ಶೇಖರಗೊಳಿಸುತ್ತವೆ. ಅನಗತ್ಯವಾಗಿ ಬಳಸಿದಷ್ಟೂ, ರೈಬೊಸೋಮಿನ ಆ ತಾಣವನ್ನೇ ಮಾರ್ಪಡಿಸಿಕೊಂಡ ಬ್ಯಾಕ್ಟೀರಿಯಗಳು ಉಳಿದು ಹೆಚ್ಚುತ್ತವೆ.

ಇಷ್ಟರಿಂದ ತಿಳಿಯುವುದೇನೆಂದರೆ, ವರ್ಗನಾಮವು ಮದ್ದಿನ ಆಕಾರವನ್ನು ಹೇಳುತ್ತದೆಯೇ ಹೊರತು ನಡತೆಯನ್ನಲ್ಲ. ಮದ್ದು ಎಲ್ಲಿ ಅಂಟುತ್ತದೆ, ಅಂಥದೇ ತಾಣ ನಮ್ಮ ದೇಹದಲ್ಲಿಯೂ ಉಂಟೇ ಎಂಬ ಎರಡು ಪ್ರಶ್ನೆಗಳನ್ನು ಕೇಳಲು ಕಲಿತ ವಿದ್ಯಾರ್ಥಿಯೇ ಅದನ್ನು ಕ್ಷೇಮವಾಗಿ ಬಳಸಬಲ್ಲನು.