ಸೂಲಿನಿಂದ ಸೂಲಿಗೆ: ಬೆಂಗಳೂರು ಗ್ರಾಮಾಂತರ ಪ್ರದೇಶದ ಹಸು ಸಾಕಣೆಯಲ್ಲಿ ಕಾಲದ ಪರಿಕಲ್ಪನೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳು ರಾಗಿ ಬೆಳೆಯುವ ಬಯಲುಸೀಮೆಗೆ ಸೇರಿದವು. ಇಲ್ಲಿನ ಜನಪದರು ಹಸುವಿನ ಬದುಕನ್ನು ವರ್ಷಗಳಿಗಿಂತ ಹೆಚ್ಚಾಗಿ ಸೂಲುಗಳಿಂದ ಅಳೆಯುತ್ತಾರೆ. ಕಡಸು, ಬೆದೆ, ಗಬ್ಬ, ಎಳಗಂದಿ, ಗೊಡ್ಡು ಮುಂತಾದ ಪದಗಳು ಈ ಅಳತೆಯ ಹಂತಗಳನ್ನು ಸೂಚಿಸುತ್ತವೆ. ಈದ ಹಸು ಮತ್ತೆ ಗಬ್ಬ ಕಟ್ಟುವ ಅವಧಿಯನ್ನು ಕುರಿತ ತಿಳಿವಳಿಕೆ ಕಳೆದ ಐದು ದಶಕಗಳಲ್ಲಿ ಬದಲಾದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯ ಪಾರಂಪರಿಕ ತಳಿಯಾದ ಹಳ್ಳಿಕಾರ್ ಉಳುಮೆಗೆ ಹೆಸರಾದುದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ಕೀರ್ತಿಗೆ ಎತ್ತಿನ ಜೋಡಿಗಳೇ ಕಾರಣ. ಹಳ್ಳಿಕಾರ್ ಹಸು ಒಂದು ಸೂಲಿಗೆ ಕೊಡುವ ಹಾಲು ಸರಾಸರಿ 500 ಲೀಟರಿನ ಆಸುಪಾಸಿನದು; ಎರಡು ಸೂಲುಗಳ ನಡುವೆ ಒಂದೂವರೆ ವರ್ಷಕ್ಕೂ ಮಿಗಿಲಾದ ಅಂತರ ಅದರಲ್ಲಿ ಸಾಮಾನ್ಯ. ಕರು ಮೊಲೆಯುಣ್ಣುತ್ತಿರುವಾಗ ತಾಯಿ ಬೆದೆಗೆ ಬರುವುದು ತಡವಾಗುತ್ತದೆ. ಒಳ್ಳೆಯ ಹೋರಿಗರು ಬೆಳೆಯುವುದೇ ಮುಖ್ಯವಾಗಿದ್ದ ವ್ಯವಸ್ಥೆಯಲ್ಲಿ ಈ ವಿಳಂಬ ದೋಷವೆನಿಸಿರಲಿಲ್ಲ. ದೇವರ ಹೆಸರಿನಲ್ಲಿ ಬಿಟ್ಟ ಬಸವ ಊರಿನ ದನಗಳಿಗೆ ಬೀಜದ ಹೋರಿಯೂ ಆಗಿರುತ್ತಿತ್ತು.

ಈದ ಹಸುವಿನ ಕಸವನ್ನು ಹುಲ್ಲಿನಲ್ಲಿ ಸುತ್ತಿ ಆಲದಂತಹ ಹಾಲು ಸ್ರವಿಸುವ ಮರಕ್ಕೆ ಕಟ್ಟುವ ಆಚರಣೆ ಇಲ್ಲಿ ಗಮನಾರ್ಹ. ಮರದಂತೆ ಹಸುವೂ ಹಾಲು ಸುರಿಸಲೆಂಬ ಸಾದೃಶ್ಯದ ನಂಬಿಕೆ ಇದರ ಮೂಲ. ಆದರೆ ಈ ಆಚರಣೆ ನೆರವೇರಬೇಕಾದರೆ ಕಸ ಬೀಳುವ ತನಕ ಯಾರಾದರೂ ಕಾದಿರಲೇಬೇಕು. ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಕಸ ಬೀಳದಿದ್ದರೆ ಗರ್ಭಕೋಶಕ್ಕೆ ಸೋಂಕು ತಗುಲಿ ಮುಂದಿನ ಗಬ್ಬ ತಡವಾಗುವ ಸಂಭವವಿದೆಯೆಂದು ಪಶುವೈದ್ಯ ಹೇಳುತ್ತದೆ. ನಂಬಿಕೆ ಮತ್ತು ಎಚ್ಚರ ಇಲ್ಲಿ ಒಂದೇ ಕ್ರಿಯೆಯಲ್ಲಿ ಬೆರೆತಿವೆ.

1939ರಲ್ಲಿ ಮೈಸೂರಿನ ಅರಮನೆ ಡೇರಿಯಲ್ಲಿ ಸಂಪತ್ ಕುಮಾರನ್ ಅವರು ನಡೆಸಿದ ಪ್ರಯೋಗದಿಂದ ಭಾರತದಲ್ಲಿ ಕೃತಕ ಗರ್ಭಧಾರಣೆಯ ಇತಿಹಾಸ ಆರಂಭವಾಗುತ್ತದೆ. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಶೈತ್ಯೀಕರಿಸಿದ ವೀರ್ಯ ಉತ್ಪಾದನಾ ಕೇಂದ್ರ ಸ್ಥಾಪನೆಯಾಯಿತು. ಮುಂದೆ ಬೆಂಗಳೂರು ಹಾಲು ಒಕ್ಕೂಟ ಅಸ್ತಿತ್ವಕ್ಕೆ ಬಂದಿತು. ಕ್ರಮೇಣ ಹೋಲ್‌ಸ್ಟೀನ್ ಮಿಶ್ರತಳಿಯ ಹಸುಗಳು ಸಣ್ಣ ರೈತರ ಕೊಟ್ಟಿಗೆಗಳನ್ನು ತುಂಬಿದವು. ಬಸವನ ಸ್ಥಾನಕ್ಕೆ ವೀರ್ಯದ ಕಡ್ಡಿ ಬಂದಿತು.

ಇದರೊಂದಿಗೆ ಕಾಲದ ಲೆಕ್ಕವೂ ಬಿಗಿಯಾಯಿತು. ಹಸುವಿನ ಗರ್ಭಾವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಈದ 85 ದಿನಗಳೊಳಗೆ ಗಬ್ಬ ನಿಲ್ಲಬೇಕು. ಗರ್ಭಕೋಶ ಮೊದಲಿನಂತಾಗಲು ನಾಲ್ಕರಿಂದ ಆರು ವಾರ ಹಿಡಿಯುವುದರಿಂದ ಸಾಮಾನ್ಯವಾಗಿ 60 ದಿನ ಕಾಯುತ್ತಾರೆ. ಬೆದೆ 21 ದಿನಕ್ಕೊಮ್ಮೆ ಬರುವುದರಿಂದ ಉಳಿಯುವುದು ಒಂದೆರಡು ಅವಕಾಶ ಮಾತ್ರ. ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು ದಂಡ. ಮಿಶ್ರತಳಿಯಲ್ಲಿ ಕರುವನ್ನು ಬೇಗ ಅಗಲಿಸಿದರೂ ವಿಳಂಬ ಬೇರೊಂದು ದಾರಿಯಿಂದ ಮರಳಿತು. ಈದ ಹೊಸತರಲ್ಲಿ ಹಸು ತಿನ್ನುವುದಕ್ಕಿಂತ ಹೆಚ್ಚಿನ ಶಕ್ತಿಯನ್ನು ಹಾಲಿನಲ್ಲಿ ಕಳೆದುಕೊಂಡು ಸೊರಗುತ್ತದೆ. ಸಸಾರಜನಕವೂ ರಂಜಕವೂ ಕಡಿಮೆಯಿರುವ ರಾಗಿಹುಲ್ಲು ಈ ಕೊರತೆಯನ್ನು ತುಂಬಲಾರದು. ಆಗ ಬೆದೆ ಬಾರದೆ ಹೋಗುತ್ತದೆ, ಇಲ್ಲವೆ ಲಕ್ಷಣ ತೋರದ ಮೂಕ ಬೆದೆಯಾಗುತ್ತದೆ.

ಈ ಸಂದರ್ಭದಲ್ಲಿ ‘ಗೊಡ್ಡು’ ಎಂಬ ಪದದ ವ್ಯಾಪ್ತಿ ಹಿಗ್ಗಿರುವುದನ್ನು ಗಮನಿಸಬೇಕು. ಹಿಂದೆ ಎಂದೂ ಈಯದ ಹಸುವಿಗೆ ಸಲ್ಲುತ್ತಿದ್ದ ಮಾತು, ಮೂರು ನಾಲ್ಕು ಬಾರಿ ಕಡ್ಡಿ ಹಾಕಿಸಿಯೂ ಗಬ್ಬ ನಿಲ್ಲದ ಹಸುವಿಗೂ ಅಂಟಿತು. ಹೆಣ್ಣನ್ನು ಹೀಗಳೆಯಲು ಬಳಕೆಯಾಗುವ ಪದವೂ ಇದೇ. ಇಂತಹ ಹಸುಗಳಲ್ಲಿ ಅನೇಕವು ಮೇವು, ಲವಣ ಮಿಶ್ರಣ ಮತ್ತು ಸಕಾಲದ ಚಿಕಿತ್ಸೆಯಿಂದ ಮತ್ತೆ ಗಬ್ಬ ಕಟ್ಟಬಲ್ಲವು. ಆದರೆ ಒಮ್ಮೆ ಗೊಡ್ಡೆಂದು ಹೆಸರಾದ ಹಸುವಿನ ಬೆಲೆ ಕುಸಿಯುತ್ತದೆ. ಒಂದೆರಡೇ ಹಸುಗಳುಳ್ಳ ಮನೆಯ ಹಾಲಿನ ಬಟವಾಡೆ ನಿಲ್ಲುತ್ತದೆ.

ಕೊಟ್ಟಿಗೆಯ ಕೆಲಸ ಬಹುಪಾಲು ಹೆಂಗಸರದು. ಹಸುವಿನ ಕೂಗು, ಲೋಳೆ, ಮೇವು ಬಿಟ್ಟ ರೀತಿಯನ್ನು ಮೊದಲು ಗುರುತಿಸುವವರೂ ಅವರೇ. ಕೃತಕ ಗರ್ಭಧಾರಣೆಯ ಯಶಸ್ಸು ಇಂದಿಗೂ ಈ ಗುರುತಿಸುವಿಕೆಯನ್ನೇ ಅವಲಂಬಿಸಿದೆ. ಒಟ್ಟಿನಲ್ಲಿ ತಳಿ ಬದಲಾದರೂ ಹಸುವನ್ನು ಓದುವ ಜನಪದ ಜ್ಞಾನದ ಅಗತ್ಯ ತಗ್ಗಿಲ್ಲ. ಆ ಜ್ಞಾನವನ್ನು ಅದರ ಪದಗಳೊಡನೆ ದಾಖಲಿಸುವ ಕೆಲಸ ಜಾನಪದ ಅಧ್ಯಯನದಷ್ಟೇ ಪಶುವೈದ್ಯಕ್ಕೂ ಉಪಯುಕ್ತವಾದುದು.