ಓಣಿಯಲ್ಲಿ ಕಾದು ಕುಳಿತವರು

ಕ್ರಿಸ್ತಶಕ 1916ನೆಯ ಇಸವಿ, ಮೊದಲ ಮಹಾಯುದ್ಧದ ನಡುಗಾಲ, ಜೂನ್ ತಿಂಗಳ ಕೊನೆಯ ವಾರ. ಉತ್ತರ ಫ್ರಾನ್ಸಿನ ಪಿಕಾರ್ಡಿ ಸೀಮೆಯಲ್ಲಿ ಸೋಮ್ ಎಂಬ ನದಿ ಜೊಂಡಿನ ನಡುವೆ ಅವಸರವಿಲ್ಲದೆ ಹರಿಯುತ್ತಿತ್ತು. ಅದರ ಬಡಗಣ ದಿಕ್ಕಿಗೆ ಅಲೆಯಲೆಯಾಗಿ ಎದ್ದ ದಿಬ್ಬಗಳು. ಮೇಲಿನ ಮಣ್ಣು ಸರಿಸಿದರೆ ಅಡಿಯಲ್ಲಿ ಸುಣ್ಣದಂಥ ಬಿಳಿಯ ನೆಲ. ಎರಡು ವರ್ಷಕ್ಕೆ ಹತ್ತಿರವಾಗಿ ಜರ್ಮನರು ಆ ನೆಲವನ್ನು ತೋಡುತ್ತಲೇ ಇದ್ದರು. ಕಂದಕದ ಹಿಂದೆ ಕಂದಕ, ಅದರ ಮುಂದೆ ಮುಳ್ಳುತಂತಿಯ ಪೊದೆ, ಕಂದಕಗಳ ಅಡಿಯಲ್ಲಿ ಮೆಟ್ಟಿಲಿಳಿದು ಹೋಗುವ ಆಳವಾದ ನೆಲಮಾಳಿಗೆಗಳು. ಎದುರಿಗೆ ಬ್ರಿಟಿಷರ ಕಂದಕ. ನಡುವಿನ ಬಯಲಿಗೆ ಒಡೆಯರಿರಲಿಲ್ಲ. ಹಗಲು ಅಲ್ಲಿ ತಲೆಯೆತ್ತಿದವನಿಗೆ ತಲೆಯಿರಲಿಲ್ಲ.

ಆ ತಿಂಗಳ 24ರಂದು ಬ್ರಿಟಿಷ್ ಫಿರಂಗಿಗಳು ಬಾಯಿ ತೆರೆದವು. ಏಳು ಹಗಲು ಏಳು ಇರುಳು 15 ಲಕ್ಷಕ್ಕೂ ಮಿಕ್ಕಿ ಗುಂಡುಗಳು ಆ ದಿಬ್ಬಗಳ ಮೇಲೆ ಸುರಿದವು. ಕಡಲಾಚೆಯ ಇಂಗ್ಲೆಂಡಿನಲ್ಲಿಯೂ ಅದರ ಗುಡುಗು ಕೇಳಿಸಿತು. ಇಷ್ಟಾದ ಮೇಲೆ ಎದುರಾಳಿಯ ಕಡೆ ಇಲಿಯೂ ಉಳಿದಿರದೆಂದು ದಂಡನಾಯಕರು ನಂಬಿದರು. ನಂಬಿದ್ದು ಅವರು, ಅದರ ಬೆಲೆ ತೆತ್ತವರು ಬೇರೆಯವರು.

ಈ ಸಿದ್ಧತೆಯ ನಡುವೆ ಕೋವಿಯಿಲ್ಲದ ಇಬ್ಬರು ಓಡಾಡುತ್ತಿದ್ದರು. ಒಬ್ಬನ ಹೆಸರು ಜೆಫ್ರಿ ಮ್ಯಾಲಿನ್ಸ್, ಇನ್ನೊಬ್ಬನದು ಜಾನ್ ಮೆಕ್‌ಡೊವೆಲ್. ಅವರ ಬಳಿಯಿದ್ದುದು ಮರದ ಪೆಟ್ಟಿಗೆಯಂಥ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಡಬ್ಬಿಗಳಲ್ಲಿ ಫಿಲಂ ಸುರುಳಿ. ಹಿಡಿಯನ್ನು ಕೈಯಿಂದ ಹದವಾಗಿ, ಸೆಕೆಂಡಿಗೆ ಎರಡು ಸುತ್ತಿನಂತೆ ತಿರುಗಿಸಬೇಕು. ಕೈ ನಡುಗಿದರೆ ಚಿತ್ರವೂ ನಡುಗೀತು. ಯುದ್ಧ ಆರಂಭವಾದಾಗ ಬ್ರಿಟನ್ನಿನ ಯುದ್ಧ ಇಲಾಖೆ ಇಂಥವರನ್ನು ರಣಭೂಮಿಯ ಹತ್ತಿರಕ್ಕೂ ಬಿಟ್ಟುಕೊಂಡಿರಲಿಲ್ಲ. ಬಯಸ್ಕೋಪು ಎಂದರೆ ಸಂತೆಯ ಗಾರುಡಿಯಾಟಕ್ಕೆ ಸಮವೆಂದು ದೊಡ್ಡವರ ಎಣಿಕೆ. 1915ರ ಕೊನೆಯಲ್ಲಷ್ಟೇ ಆ ಬಾಗಿಲು ತುಸು ತೆರೆಯಿತು. ಚಿತ್ರೋದ್ಯಮದವರೇ ಒಂದು ಸಮಿತಿ ಮಾಡಿಕೊಂಡು ಮ್ಯಾಲಿನ್ಸನನ್ನೂ ಎಡ್ವರ್ಡ್ ಟಾಂಗ್ ಎಂಬವನನ್ನೂ ಕಳುಹಿಸಿದರು. ಟಾಂಗ್ ಕಾಯಿಲೆ ಬಿದ್ದು ಮರಳಿದ. ಅವನ ಸ್ಥಾನಕ್ಕೆ, ಸ್ವಂತ ಚಿತ್ರಸಂಸ್ಥೆಯನ್ನೇ ನಡೆಸುತ್ತಿದ್ದ ಮೆಕ್‌ಡೊವೆಲ್ ತಾನಾಗಿ ಮುಂದೆ ಬಂದ.

ಮೆಕ್‌ಡೊವೆಲನಿಗೆ ದಕ್ಷಿಣದ ಫ್ರಿಕೋರ್–ಮಾಮೆಟ್ಜ್ ಕಡೆಯ ಪಾಳಿ ಬಂತು, ಮ್ಯಾಲಿನ್ಸನಿಗೆ ಉತ್ತರದ ಬೋಮೊಂ-ಹಾಮೆಲ್ ಹಳ್ಳಿಯ ಎದುರಿನ ಕಂದಕ. ಅಲ್ಲಿದ್ದುದು 29ನೆಯ ಡಿವಿಷನ್. ತೋಡಿ ಹಾಕಿದ ಬಿಳಿಮಣ್ಣಿನ ರಾಶಿಗಳಿಂದ ಸೈನಿಕರು ಆ ಜಾಗಕ್ಕೆ ವೈಟ್ ಸಿಟಿ ಎಂದು ಹೆಸರಿಟ್ಟಿದ್ದರು, ಶ್ವೇತನಗರಿ ಎನ್ನೋಣ. ಸಾಯುವ ಜಾಗಕ್ಕೂ ನಗೆಯಾಡುತ್ತ ನಾಮಕರಣ ಮಾಡುವುದು ಸಿಪಾಯಿಗಳ ಹಳೆಯ ಚಾಳಿ.

ಜುಲೈ 1, ಶನಿವಾರದ ಬೆಳಗಿನ ಜಾವ. ಎರಡು ಕಂದಕಗಳ ನಡುವಿನ ಒಡೆಯನಿಲ್ಲದ ಬಯಲಿನಲ್ಲಿಯೇ ಒಂದು ತಗ್ಗಿನ ಓಣಿಯಿತ್ತು. ಎರಡು ಕಡೆಯೂ ದರೆ, ದರೆಯ ಮೇಲೆ ಗಿಡಗಂಟಿ. ನಮ್ಮ ಮಲೆನಾಡಿನವರು ಕಂಡರೆ ತಮ್ಮ ಊರಿನದೇ ಎನ್ನಬೇಕು. ಲ್ಯಾಂಕಷೈರ್ ಫ್ಯುಸಿಲಿಯರ್ಸ್ ಪಲ್ಟನಿನ ಒಂದು ತುಕಡಿ ಇರುಳಿನಲ್ಲಿ ಸುರಂಗದೊಳಗಿಂದ ತೆವಳಿ ಆ ಓಣಿ ಸೇರಿಕೊಂಡಿತ್ತು. ಇವರು ಹೊಸಬರಲ್ಲ. ಹಿಂದಿನ ವರ್ಷ ಏಪ್ರಿಲ್ 25ರಂದು ಗ್ಯಾಲಿಪೊಲಿಯ ಕಡಲದಂಡೆಯಲ್ಲಿ ಇಳಿದು, ಒಂದೇ ಮುಂಜಾನೆ ಆರು ವಿಕ್ಟೋರಿಯಾ ಕ್ರಾಸ್ ಗಳಿಸಿದ ಪಲ್ಟನು ಅದು. ಮ್ಯಾಲಿನ್ಸ್ ತನ್ನ ಪೆಟ್ಟಿಗೆಯನ್ನು ಎಳೆದುಕೊಂಡು ಅದೇ ಸುರಂಗದಲ್ಲಿ ಬಗ್ಗಿ ಓಣಿಗೆ ಬಂದ, ಹಿಡಿ ತಿರುಗಿಸಿದ, ಬಂದ ದಾರಿಯಲ್ಲೇ ಮರಳಿದ.

ಅಂದು ಅವನು ಹಿಡಿದ ಕೆಲವು ಕ್ಷಣಗಳು ಇಂದಿಗೂ ಉಳಿದಿವೆ. ದರೆಗೆ ಒರಗಿ ಸಾಲಾಗಿ ಕುಳಿತ ಜನ. ಕೆಲವರು ಕ್ಯಾಮೆರಾ ಕಂಡು ನಗುತ್ತಾರೆ; ಅಂದಿನ ಕಾಲಕ್ಕೆ ಅದೊಂದು ಸೋಜಿಗ. ಒಬ್ಬ ಸಿಗರೇಟು ಸೇದುತ್ತಾನೆ. ಇನ್ನೊಬ್ಬ ಕ್ಯಾಮೆರಾದತ್ತ ನೋಡಿ, ಕೂಡಲೆ ಮುಖ ತಿರುಗಿಸುತ್ತಾನೆ. ಯಾರೂ ಏನೂ ಮಾಡುವುದಿಲ್ಲ. ಶೌರ್ಯವೆಂದರೆ ಕತ್ತಿ ಹಿರಿದು ಮುನ್ನುಗ್ಗುವುದೆಂದು ಕತೆಗಳಲ್ಲಿ ಓದಿ ಬೆಳೆದ ನಾನು ಈ ಕುಳಿತಿರುವಿಕೆಯನ್ನು ನೋಡಿದ ಮೇಲೆ ಆ ಮಾತನ್ನು ಮೊದಲಿನಷ್ಟು ಸಲೀಸಾಗಿ ಆಡಲಾರೆ. ಮುನ್ನುಗ್ಗುವವನಿಗೆ ಕಾಲಿಗಾದರೂ ಕೆಲಸವಿರುತ್ತದೆ. ಕಾದು ಕುಳಿತವನಿಗೆ ಗಡಿಯಾರವೊಂದೇ.

ಹತ್ತಿರದ ಒಂದು ದಿಬ್ಬದ ಮೇಲಿನ ಜರ್ಮನ್ ಕೋಟೆಯ ಬುಡಕ್ಕೆ ಬ್ರಿಟಿಷ್ ಗಣಿಗಾರರು ತಿಂಗಳುಗಟ್ಟಲೆ ಸುರಂಗ ಕೊರೆದು 40,000 ಪೌಂಡು ಸಿಡಿಮದ್ದು ತುಂಬಿದ್ದರು. ದಾಳಿಯ ಗಳಿಗೆ 7 ಗಂಟೆ 30 ನಿಮಿಷ. ಸುರಂಗವನ್ನು ಗಂಟೆಗಳ ಮೊದಲೇ ಸಿಡಿಸಬೇಕೆಂದು ಅಲ್ಲಿನ ಸೇನಾಪತಿ ಹಂಟರ್-ವೆಸ್ಟನ್ ಹಟ ಹಿಡಿದ; ಕೂಡದೆಂದು ಮೇಲಿನವರು ನುಡಿದರು. ಕಡೆಗೆ ನಡುವಿನ ದಾರಿಯಾಗಿ 7.20 ಎಂದು ಗೊತ್ತಾಯಿತು. ಇಂಥ ರಾಜಿ ಕಚೇರಿಯ ಕಡತದಲ್ಲಿ ಚೆಂದ. ರಣದಲ್ಲಿ ಅದು ಶತ್ರುವಿಗೆ ಹತ್ತು ನಿಮಿಷ ಮೊದಲು ಬಾಗಿಲು ತಟ್ಟಿ ಎಬ್ಬಿಸಿದಂತೆ.

ಮ್ಯಾಲಿನ್ಸ್ ದೂರದಿಂದ ಕ್ಯಾಮೆರಾವನ್ನು ದಿಬ್ಬಕ್ಕೆ ಗುರಿಯಿಟ್ಟು ಮುಂಚಿತವಾಗಿಯೇ ಹಿಡಿ ತಿರುಗಿಸತೊಡಗಿದ. ಸುರುಳಿ ಓಡುತ್ತಿದೆ, ಸಿಡಿತದ ಸುಳಿವಿಲ್ಲ. ಸಿಡಿಯುವ ಮೊದಲೇ ಫಿಲಂ ಮುಗಿದುಹೋದೀತೆಂದು ಬೆವತುದನ್ನು ಅವನು ಮುಂದೆ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ಅಷ್ಟರಲ್ಲಿ ಕಾಲಡಿಯ ಭೂಮಿ ತೂಗಿತು. ದಿಬ್ಬದ ನೆತ್ತಿ ಉಬ್ಬಿತು, ಒಡೆಯಿತು, ಮಣ್ಣಿನ ಗೋಪುರವೊಂದು ಆಕಾಶಕ್ಕೆ ಎದ್ದು ನಿಂತು ಮೆಲ್ಲಗೆ ಕುಸಿಯಿತು. ಸದ್ದಿಲ್ಲದ ಆ ಚಿತ್ರತುಣುಕನ್ನು ನೂರಕ್ಕೂ ಮಿಕ್ಕಿ ವರ್ಷಗಳ ಮೇಲೆ ನೋಡಿದರೂ ಮೈ ಜುಮ್ಮೆನ್ನುತ್ತದೆ.

ಹತ್ತು ನಿಮಿಷ ಕಳೆಯಿತು. ಸೀಟಿ ಊದಿದರು. ನೆಲಮಾಳಿಗೆಗಳಲ್ಲಿ ಏಳು ದಿನ ಗುಂಡಿನ ಮಳೆ ತಾಳಿಕೊಂಡಿದ್ದ ಜರ್ಮನರು ಅಷ್ಟರಲ್ಲಿ ಮೇಲೆ ಬಂದು ಮೆಷಿನ್‌ಗನ್ ಹೂಡಿದ್ದರು. ಓಣಿಯ ದರೆ ಹತ್ತಿದವರು ಬಯಲಿಗೆ ಕಾಲಿಟ್ಟೊಡನೆ ಉರುಳತೊಡಗಿದರು. ಅದೇ ಡಿವಿಷನ್ನಿನ ನ್ಯೂಫೌಂಡ್‌ಲೆಂಡ್ ಪಲ್ಟನಿನಲ್ಲಿ ಮುನ್ನಡೆದವರು ಸುಮಾರು 800. ಮರುದಿನ ಹಾಜರಿ ಕೂಗಿದಾಗ ಓಗೊಟ್ಟವರು 68. ಆ ಒಂದು ದಿನದಲ್ಲಿ ಬ್ರಿಟಿಷ್ ಸೇನೆಗಾದ ಸಾವುನೋವು 57,470. ಅದರಲ್ಲಿ ಮಡಿದವರೇ 19,240. ಆ ಸೇನೆಯ ಇತಿಹಾಸದಲ್ಲಿ ಇದರ ಹಿಂದೆಯೂ ಮುಂದೆಯೂ ಇಂಥ ದಿನವಿಲ್ಲ.

ತೆಂಕಣ ದಿಕ್ಕಿನಲ್ಲಿ ಮಾತ್ರ ಭಾಗ್ಯ ತುಸು ಒಲಿಯಿತು. ಮಾಮೆಟ್ಜ್ ಹಳ್ಳಿ ಕೈವಶವಾಯಿತು. ಮೆಕ್‌ಡೊವೆಲನ ಕ್ಯಾಮೆರಾ ಮಿಂಡೆನ್ ಪೋಸ್ಟ್ ಎಂಬ ಚಿಕಿತ್ಸಾ ಠಾಣೆಗೆ ಬರುವ ಗಾಯಾಳುಗಳನ್ನೂ ಸೆರೆಸಿಕ್ಕ ಜರ್ಮನರನ್ನೂ ಹಿಡಿಯಿತು. ಒಂದು ನೋಟದಲ್ಲಿ ಮ್ಯಾಂಚೆಸ್ಟರ್ ಪಲ್ಟನಿನವರ ಮುದ್ದಿನ ನಾಯಿ ತನ್ನ ಯಜಮಾನನ ಜೊತೆಗೇ ಸತ್ತು ಬಿದ್ದಿದೆ.

ಈ ಕಾಳಗದಲ್ಲಿ ನಮ್ಮ ದೇಶದವರೂ ಇದ್ದರು; ಅವರಲ್ಲಿ ಡೆಕ್ಕನ್ ಹಾರ್ಸ್ ಎಂಬ ದಳದ ಸವಾರರ ಮಾತನ್ನು ಇಲ್ಲಿಯೇ ಆಡಿಬಿಡುತ್ತೇನೆ. ಅದೇ ಜುಲೈ 14ರಂದು ಸಿಕಂದರಾಬಾದ್ ಬ್ರಿಗೇಡಿನ ಈ ಕುದುರೆ ದಳ ಹೈ ವುಡ್ ಎಂಬ ಕಾಡಿನ ಬಳಿ, ಬೆಳೆದು ನಿಂತ ಪೈರಿನ ಹೊಲದಲ್ಲಿ ಭರ್ಜಿ ಹಿಡಿದು ನುಗ್ಗಿತು. ಕಂದಕ ಯುದ್ಧದ ನಡುವೆ ಹಳೆಯ ಯುಗವೊಂದು ಕುದುರೆಯೇರಿ ಬಂದಂತಿತ್ತು ಅದು. ನಮ್ಮ ನೆರೆಯ ಸೀಮೆಯಿಂದ ಹೋದ ಆ ಸವಾರರು ಸ್ಥಿರಚಿತ್ರಗಳಲ್ಲಿ ಉಳಿದಿದ್ದಾರೆ, ಈ ಬಯಸ್ಕೋಪಿನಲ್ಲಿ ಅವರಿಲ್ಲ.

ಸುರುಳಿಗಳು ಲಂಡನ್ ಸೇರಿದವು. ಚಾರ್ಲ್ಸ್ ಅರ್ಬನ್ ಎಂಬ ನುರಿತ ಚಿತ್ರೋದ್ಯಮಿ ಅವನ್ನು ಕತ್ತರಿಸಿ ಜೋಡಿಸಿದ. ಐದು ಸುರುಳಿ, ಒಂದೂಕಾಲು ಗಂಟೆಯ ಆಟ. ಹೆಸರು ‘ದಿ ಬ್ಯಾಟಲ್ ಆಫ್ ದಿ ಸೋಮ್’. ಆದರೆ ಒಂದು ಕೊರತೆ ಉಳಿಯಿತು. ಕಂದಕ ಹತ್ತಿ ಮುನ್ನುಗ್ಗುವ ಗಳಿಗೆಯೇ ಸರಿಯಾಗಿ ಸಿಕ್ಕಿರಲಿಲ್ಲ. ದೂರದ ಹೊಗೆಯಲ್ಲಿ ಇರುವೆಗಳಂಥ ಚುಕ್ಕೆಗಳು ಕಂಡಿದ್ದವು, ಅಷ್ಟೆ. ಹೀಗಾಗಿ ರಣಭೂಮಿಯಿಂದ ದೂರದ ತರಬೇತಿ ಶಾಲೆಯೊಂದರ ಕಂದಕದಲ್ಲಿ ಅದನ್ನು ಆಡಿಸಿ ತೆಗೆದರು. ಸಿಪಾಯಿಗಳು ಏರಿ ಹೋಗುತ್ತಾರೆ. ಒಬ್ಬ ಏರುತ್ತಲೇ ಜಾರಿ ಬೀಳುತ್ತಾನೆ. ಕಂದಕಕ್ಕೆ ಆಳ ಸಾಲದು, ಬೆನ್ನ ಮೇಲೆ ಹೊರೆಯಿಲ್ಲ, ಕ್ಯಾಮೆರಾ ನಿಂತ ಜಾಗದಲ್ಲಿ ಯಾರೂ ಬದುಕಿರಲಾರರು. ಬಿದ್ದು ‘ಸತ್ತ’ವನೊಬ್ಬ ಸುಖವಾಗಿರಲೆಂದು ಕಾಲ ಮೇಲೆ ಕಾಲು ಹಾಕಿಕೊಳ್ಳುವುದನ್ನೂ ಮುಂದಿನವರು ಕಂಡುಹಿಡಿದರು. ಇಡೀ ಚಿತ್ರದಲ್ಲಿ ಇಂಥ ಬೆರಕೆ ಒಂದೆರಡು ನಿಮಿಷದ್ದು ಮಾತ್ರ. ಉಳಿದದ್ದು ದಿಟ.

ಆಗಸ್ಟ್ 10ರಂದು ಲಂಡನ್ನಿನ ಸ್ಕಾಲಾ ರಂಗಮಂದಿರದಲ್ಲಿ ಗಣ್ಯರಿಗೆ ತೋರಿಸಿದರು. ಯುದ್ಧ ಸಚಿವ ಲಾಯ್ಡ್ ಜಾರ್ಜನ ಪತ್ರವನ್ನು ಓದಿದರು. 21ರಂದು ಆ ನಗರದ 34 ಚಿತ್ರಮಂದಿರಗಳಲ್ಲಿ ಏಕಕಾಲಕ್ಕೆ ಪ್ರದರ್ಶನ. ಆಗ ಜನ ನೆರೆದ ಬಗೆಯನ್ನು ನಂಬುವುದು ಕಷ್ಟ: ಆರು ವಾರಗಳಲ್ಲಿ ಸುಮಾರು 2 ಕೋಟಿ ಟಿಕೆಟುಗಳು ಮಾರಾಟವಾದವೆಂದು ಲೆಕ್ಕ. ಹೋರಾಟ ಇನ್ನೂ ಮುಗಿದಿರಲಿಲ್ಲ, ನವೆಂಬರ್ 18ರವರೆಗೆ ಎಳೆಯಲಿತ್ತು. ಸಾವಿನ ಸುದ್ದಿಯ ಕಾಗದ ಕೈಯಲ್ಲಿ ಹಿಡಿದ ಮನೆಯವರು ಪರದೆಯ ಮೇಲೆ ತಮ್ಮ ಮಗನ ಮುಖವನ್ನು ಹುಡುಕಿದರು. ಜಾರಿ ಬಿದ್ದವನನ್ನು ಕಂಡು ಚಿತ್ರಮಂದಿರದಲ್ಲಿ ಹೆಂಗಸರು ಚೀರಿದರಂತೆ. ಅವರು ಚೀರಿದ್ದು ನಟನೆಗೆ. ಓಣಿಯಲ್ಲಿ ನಗುತ್ತ ಕುಳಿತವರನ್ನು ನೋಡಿದಾಗ ಯಾರೂ ಚೀರಿದ ಸುದ್ದಿಯಿಲ್ಲ. ಅವರಲ್ಲಿ ಎಷ್ಟೋ ಮಂದಿ ಒಂದು ಗಂಟೆಯೊಳಗೆ ಇಲ್ಲವಾದರೆಂಬುದು ಪರದೆಯಿಂದ ತಿಳಿಯುವಂತಿರಲಿಲ್ಲ. ಇಡೀ ಕಥನದಲ್ಲಿ ನನ್ನನ್ನು ಬಿಡದೆ ಕಾಡುವುದು ಇದೊಂದೇ.

ಡರ್ಹಾಮಿನ ಡೀನ್ ಹೆನ್ಸ್ಲಿ ಹೆನ್ಸನ್ ಎಂಬ ಧರ್ಮಗುರು ಪತ್ರಿಕೆಗೆ ಬರೆದು ಪ್ರತಿಭಟಿಸಿದ. ಮಡಿದವರ ಸಂಕಟವನ್ನು ವಿನೋದದ ಸರಕಾಗಿಸುವುದು ಅವನಿಗೆ ಸೇರಲಿಲ್ಲ. ಉತ್ತರವಾಗಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರು, ನೋಡುವ ಹಕ್ಕು ತಮಗೇ ಮೊದಲು ಎಂದರು. ಡೀನನ ಮಾತು ಹುರುಳಿಲ್ಲದ್ದಲ್ಲ, ಆದರೂ ನಾನು ಆ ತಂದೆತಾಯಿಯರ ಪಕ್ಷ. ದೊರೆ ಐದನೆಯ ಜಾರ್ಜ್ ವಿಂಡ್ಸರಿನಲ್ಲಿ ಚಿತ್ರವನ್ನು ನೋಡಿ ಪ್ರಜೆಗಳೂ ನೋಡಲೆಂದ. ಫ್ರಾನ್ಸಿನಲ್ಲಿ ವಿಶ್ರಾಂತಿಗೆ ಬಂದ ಸಿಪಾಯಿಗಳಿಗೂ ತೋರಿಸಿದರು. ಎಲ್ಲ ಸರಿಯಾಗಿದೆ, ಸದ್ದೊಂದಿಲ್ಲ ಎಂಬುದು ಅವರ ವಿಮರ್ಶೆ.

ನಮ್ಮ ನಾಡಿನ ಊರೂರ ಬಾಗಿಲಲ್ಲಿ ನಿಂತ ವೀರಗಲ್ಲುಗಳನ್ನು ನೆನೆಯಿರಿ. ಕೆಳಗಿನ ಪಟ್ಟಿಕೆಯಲ್ಲಿ ವೀರ ಕಾದಿ ಬೀಳುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಶಿವಸನ್ನಿಧಿಯಲ್ಲಿ ಕುಳಿತಿದ್ದಾನೆ, ನೆತ್ತಿಯಲ್ಲಿ ಸೂರ್ಯಚಂದ್ರರು. ಮ್ಯಾಲಿನ್ಸ್ ಮತ್ತು ಮೆಕ್‌ಡೊವೆಲರಿಗೆ ಸಿಕ್ಕಿದ್ದು ಕೆಳಗಿನ ಪಟ್ಟಿಕೆಯೊಂದೇ, ಅದೂ ಅರೆಬರೆ. ನಮ್ಮ ಕಲ್ಲುಕುಟಿಗ ಆ ಅರ್ಧಕ್ಕೆ ಉಳಿ ನಿಲ್ಲಿಸುತ್ತಿರಲಿಲ್ಲ. ಕಲ್ಲಿನ ಮೇಲೆ ಸಾಲು ಕೊರೆದು ಇಂಥ ಊರಿನ, ಇಂಥವನ ಮಗ, ತುರುಗಳನ್ನು ಮರಳಿಸಿ ಸತ್ತನೆಂದು ಎಷ್ಟೋ ಕಡೆ ಹೆಸರು ಹೇಳಿಯೇ ಮುಗಿಸುತ್ತಿದ್ದ.

ಚಿತ್ರದ ಮೂಲ ಸುರುಳಿ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ವಶಕ್ಕೆ ಬಂತು. 2005ರಲ್ಲಿ ಯುನೆಸ್ಕೊ ಅದನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಅದರಲ್ಲೊಂದು ನೋಟವನ್ನು ಒಮ್ಮೆ ಕಂಡವರು ಮರೆಯಲಾರರು. ಗಾಯಗೊಂಡ ಗೆಳೆಯನನ್ನು ಬೆನ್ನ ಮೇಲೆ ಹೊತ್ತು ಒಬ್ಬ ಸಿಪಾಯಿ ಕಂದಕದೊಳಗೆ ನಮ್ಮ ಕಡೆಗೇ ನಡೆದು ಬರುತ್ತಾನೆ; ಬಳಲಿದ ಕಣ್ಣು ಒಂದು ಕ್ಷಣ ನಮ್ಮನ್ನು ನೆಟ್ಟು ನೋಡಿ ದಾಟಿಹೋಗುತ್ತದೆ. ಬೆನ್ನ ಮೇಲಿದ್ದವನು ಕಂದಕ ಸೇರಿದ ಸ್ವಲ್ಪ ಹೊತ್ತಿಗೇ ತೀರಿಕೊಂಡನೆಂದು ಚಿತ್ರದ ಅಕ್ಷರಫಲಕವೇ ಹೇಳುತ್ತದೆ. ಹೊತ್ತವನು ತಮ್ಮ ಅಜ್ಜ, ತಮ್ಮ ತಂದೆ ಎಂದು ಎಷ್ಟೋ ಮನೆಗಳವರು ಹೇಳಿಕೊಂಡಿದ್ದಾರೆ. ಅವನು ಯಾರೆಂಬುದು ಇಂದಿಗೂ ನಿಶ್ಚಯವಾಗಿಲ್ಲ.